ಪದಕ್ಕೆ ಮೂರು ಕೊಪೆಕ್

ಬರೆಯುವುದು ಹೇಗೆ ಎಂದು ಹೇಳಿಕೊಡುವ ಪುಸ್ತಕ
ನನ್ನಲ್ಲಿ ಏಳಿದ್ದವು. ಐದು ಅರ್ಧ ಓದಿದವು.
ಉಳಿದೆರಡನ್ನು ಕುತಾಯಿಸಿಯ ಬಾಡಿಗೆ ಕೋಣೆಯಲ್ಲಿ
ಕುಂಟು ಮೇಜಿನ ಕಾಲಿಗೆ ಒತ್ತು ಕೊಟ್ಟಿದ್ದೆ.
ಮೇಜು ಅಲುಗದಿರುವುದು ಬರೆಯುವವನಿಗೆ ಒಳ್ಳೆಯದೇ.
ಅಷ್ಟರಮಟ್ಟಿಗೆ ಉಪಕಾರವಾಯಿತು.

ಹತ್ತೊಂಬತ್ತು ತುಂಬಿದ ಚಳಿಗಾಲ ತಂತಿ ಕಚೇರಿ ಸೇರಿದೆ.
ಎರಡನೆಯ ಕಿಟಕಿ ನನ್ನದು. ಮೊದಲನೆಯದರಲ್ಲಿ ನಝಿಬ್ರೋಲಾ:
ಬೆರಳ ತುದಿ ಕತ್ತರಿಸಿದ ಉಣ್ಣೆಯ ಕೈಗವಸು,
ಕಿವಿಯ ಹಿಂದೆ ನೀಲಿ ಪೆನ್ಸಿಲ್,
ಗಾಜಿಗೆ ಅಂಟಿಸಿದ ದರಪಟ್ಟಿ. ಪದಕ್ಕೆ ಮೂರು ಕೊಪೆಕ್.

ಜನ ಬರೆದು ತರುತ್ತಿದ್ದರು,
ಮನೆಯ ಮಾತನ್ನೆಲ್ಲ ಮೂಟೆ ಕಟ್ಟಿ.
ಅವಳು ಓದಿ, ಒಮ್ಮೆ ಮುಖ ನೋಡಿ, ಗೀಟು ಹೊಡೆಯುತ್ತಿದ್ದಳು.
"'ಪ್ರೀತಿಯ' ಬೇಡ. ಅಕ್ಕನಿಗೆ ತಾನೇ? ತಿಳಿದಿರುತ್ತದೆ.
'ದಯವಿಟ್ಟು' ಬೇಡ. 'ಬಾ' ಅಂದರೆ ಸಾಕು, ಬರುವವಳು ಬರುತ್ತಾಳೆ.
'ಅತ್ಯಂತ' ಅನ್ನುವುದಕ್ಕೆ ಮೂರು ಕೊಪೆಕ್ ಕೊಡುತ್ತೀಯಾ?
ಅಷ್ಟಕ್ಕೆ ಒಂದು ಲೋಟ ಸೋಡಾ ಬರುತ್ತದೆ, ಶರಬತ್ತು ಹಾಕಿ."

ಪಕ್ಕದಲ್ಲಿ ಕೂತು ಲೆಕ್ಕ ಕಲಿತೆ.
ರಾತ್ರಿ ನನ್ನ ಕಥೆಗಳನ್ನು ಹರಡಿ ಅದೇ ದರದಲ್ಲಿ ಎಣಿಸಿದೆ.
ಮೊದಲ ಪುಟದ ಸೂರ್ಯೋದಯಕ್ಕೇ ಎರಡು ರೂಬಲ್ ಮೇಲೆ.
ಸಾಲ ಮಾಡಿ ಸೂರ್ಯನನ್ನು ಎಬ್ಬಿಸಿದ್ದೆ!
ಮರುರಾತ್ರಿ ಅವನು ಹದಿನೆಂಟು ಕೊಪೆಕ್‌ಗೆ ಎದ್ದ,
ಯಾರನ್ನೂ ಕರೆಯದೆ.

ಆಮೇಲೆ ಆ ಫೆಬ್ರವರಿ.
ತೆರ್ಜೋಲಾ ಕಡೆಯವನೊಬ್ಬ, ಬೋಂದೋ ಎಂದು ಹೆಸರು,
ಟೋಪಿಯ ಮೇಲೆ ಎರಡು ಬೆರಳು ಹಿಮ.
ಬಾತುಮಿಯ ಬಂದರಿನಲ್ಲಿ ಕ್ರೇನ್ ನಡೆಸುವ ತಮ್ಮನಿಗೆ ಬರೆದಿದ್ದ:
"ಅಪ್ಪ ಮಂಗಳವಾರ ಬೆಳಗಿನ ಜಾವ ತೀರಿಕೊಂಡರು
ಹಿಂದಿನ ದಿನವೂ ದ್ರಾಕ್ಷಿ ಬಳ್ಳಿ ಸವರುತ್ತಿದ್ದರು
ಮೂರು ಸಾಲು ಉಳಿದಿದೆ ಬೇಗ ಹೊರಟು ಬಾ"
ನೀಲಿ ಪೆನ್ಸಿಲ್ ಇಳಿಯಿತು.
"ಅಪ್ಪ ತೀರಿಕೊಂಡರು ಬಾ." ಒಂಬತ್ತು ಕೊಪೆಕ್.
ತಲೆಯಾಡಿಸಿದ. ಎಣಿಸಿ ಇಟ್ಟ. ರಶೀದಿ ಮಡಚಿದ. ಹೋದ.

ನನಗಂತೂ ಹೊಟ್ಟೆಕಿಚ್ಚಾಯಿತು, ಸುಳ್ಳೇಕೆ ಹೇಳಲಿ.
ಮೂರೇ ಪದ!
ಸಾವಿಗೂ ಇಷ್ಟು ಅಳತೆಯ ಅಂಗಿ ಹೊಲಿಯಬಹುದೇ ಎಂದು.

ಕಾಲು ಗಂಟೆ ಕಳೆದಿರಬೇಕು. ಬಾಗಿಲು ತೆರೆದು ಗಾಳಿ ನುಗ್ಗಿತು.
ಅವನೇ. ಬಸ್ಸು ಬಿಟ್ಟುಕೊಟ್ಟು ಬಂದಿದ್ದಾನೆ,
ಅಂಗೈಯಲ್ಲಿ ಚಿಲ್ಲರೆ.
"ಮೂರು ಸಾಲು ಉಳಿದಿದೆ. ಅದನ್ನು ಸೇರಿಸಿ" ಅಂದ.
"ಅಪ್ಪ ಸತ್ತ ಅಂದರೆ ಅವನು ಅಳುತ್ತಾನೆ, ಅಷ್ಟೆ.
ಮೂರು ಸಾಲು ಅಂದರೆ ಕತ್ತರಿ ಹುಡುಕುತ್ತಾನೆ."

ಫಾರಂ ಇನ್ನೂ ತಟ್ಟೆಯಲ್ಲೇ ಇತ್ತು,
ಕಳಿಸುವವಳು ಚಹಾ ಕುಡಿಯಲು ಹೋಗಿದ್ದಳು, ಪುಣ್ಯ.
ನಝಿಬ್ರೋಲಾ ಮಾತಾಡಲಿಲ್ಲ.
ತಾನು ಹೊಡೆದ ಗೀಟಿನ ಮೇಲೇ ದುಂಡಗೆ ಬರೆದಳು.
ಒಂಬತ್ತು ಕೊಪೆಕ್ ಎಣಿಸಿ ತೆಗೆದುಕೊಂಡಳು, ಬಿಡಲಿಲ್ಲ.
ಅವನು ಹೋದ ಮೇಲೆ ಬಹಳ ಹೊತ್ತು ಪೆನ್ಸಿಲ್ ಹೆರೆದಳು.
ಮೊನೆ ಆಗಲೇ ಚೂಪಿತ್ತು.

ಈಗ ಆ ಕಿಟಕಿಯಲ್ಲಿ ಫೋನಿನ ಕಾರ್ಡು, ಶೂ ದಾರ ಮಾರುತ್ತಾರೆ.
ನನ್ನಲ್ಲಿಗೆ ಬರವಣಿಗೆ ತಿದ್ದಿಸಿಕೊಳ್ಳಲು ಹುಡುಗರು ಬರುತ್ತಾರೆ,
ಯಾವ ಪುಸ್ತಕ ಓದಬೇಕು, ಏನಿಟ್ಟುಕೊಂಡಿರಬೇಕು ಎಂದು ಕೇಳುತ್ತಾರೆ.
ನಿಘಂಟು ತೋರಿಸುತ್ತೇನೆ.
ಅಜ್ಜಿ ಬದುಕಿದ್ದರೆ ಅಜ್ಜಿ, ಎನ್ನುತ್ತೇನೆ.
ಒಂದು ನೀಲಿ ಪೆನ್ಸಿಲ್. ಒಂದು ತಟ್ಟೆ.
ಹೊಡೆದು ಹಾಕಿದ್ದನ್ನು ಹರಿಯಬೇಡಿ, ಅದರಲ್ಲಿಡಿ.
ಇಟ್ಟು ಬಸ್ ನಿಲ್ದಾಣದವರೆಗೆ ನಡೆಯಿರಿ,
ಹಿಮ ಬೀಳುತ್ತಿದ್ದರೆ ಇನ್ನೂ ಒಳ್ಳೆಯದು.
ಅವರು ಬರೆದುಕೊಳ್ಳುತ್ತಾರೆ,
ಹಿಮ ಎಂಬುದರ ಕೆಳಗೆ ಗೆರೆ ಎಳೆದು.

ಮೊನ್ನೆ ಒಬ್ಬಳು ಮಾತ್ರ ಪುಸ್ತಕ ಮುಚ್ಚಿ ಕೇಳಿದಳು:
"ಆ ಮೂರು ಸಾಲು? ಕೊನೆಗೆ ಸವರಿದನೇ ತಮ್ಮ?"
ಗೊತ್ತಿಲ್ಲ ಅಂದೆ.
ಬೋಂದೋ ಮತ್ತೆ ಬರಲಿಲ್ಲ. ನಾನೂ ಆ ಕಡೆ ಹೋದವನಲ್ಲ.
ನಲವತ್ತು ವರ್ಷ ಬರೆದಿದ್ದೇನೆ, ನೋಡಿ,
ಹೋಗಿ ನೋಡಬಹುದಿತ್ತು. ಒಂದು ಗಂಟೆಯ ದಾರಿ.